ಹೆಸರು ಬರೆದಿಡುವ ಸೇವೆ: ವಂಶಾನ್ವೇಷಣೆಯೂ ಧರ್ಮಕೇಂದ್ರದ ದಾಖಲೆಗಳೂ

ಬಾಬಿಲೋನಿನ ಸೆರೆಯಿಂದ ಜೆರುಸಲೇಮಿಗೆ ಹಿಂದಿರುಗಿದವರ ಪಟ್ಟಿಯನ್ನು ಎಜ್ರನ ಗ್ರಂಥದ ಎರಡನೆಯ ಅಧ್ಯಾಯ ನಮಗೆ ನೀಡುತ್ತದೆ. ಮನೆತನಗಳ ಹೆಸರು, ತಲೆಗಳ ಎಣಿಕೆ, ಕುದುರೆ, ಹೇಸರಗತ್ತೆ, ಒಂಟೆಗಳ ಲೆಕ್ಕ - ಹೀಗೆ ಸಾಗುವ ಆ ಅಧ್ಯಾಯವನ್ನು ನಮ್ಮಲ್ಲಿ ಹಲವರು ಓದದೆ ದಾಟಿಬಿಡುತ್ತೇವೆ. ಆದರೆ ಅದರ ಕೊನೆಯ ಭಾಗದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಕೆಲವು ಯಾಜಕ ಮನೆತನದವರು ತಮ್ಮ ವಂಶಾವಳಿಯ ಪತ್ರಗಳನ್ನು ಹುಡುಕಿದರು, ಅವು ಸಿಗಲಿಲ್ಲ. ಸಿಗದ ಕಾರಣಕ್ಕೆ ಅವರನ್ನು ಅಶುದ್ಧರೆಂದು ಎಣಿಸಿ ಯಾಜಕ ಸೇವೆಯಿಂದ ದೂರವಿಡಲಾಯಿತು. ಊರೀಮ್ ಮತ್ತು ತುಮ್ಮೀಮ್‌ಗಳ ಮೂಲಕ ದೇವರ ಚಿತ್ತವನ್ನು ಅರಿಯಬಲ್ಲ ಯಾಜಕನು ಬರುವ ತನಕ ಪರಮಪವಿತ್ರ ಆಹಾರವನ್ನು ಮುಟ್ಟಬಾರದೆಂದು ರಾಜ್ಯಪಾಲನು ಅವರಿಗೆ ಆಜ್ಞಾಪಿಸಿದನು. ಸೆರೆಯಲ್ಲಿ ಕಳೆದುಹೋದ ಒಂದು ಕಾಗದ ಇಡೀ ಮನೆತನವನ್ನು ಬಲಿಪೀಠದಿಂದ ಆಚೆಗೆ ನಿಲ್ಲಿಸಿತು.

ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ತರುವಾಯ ನಮ್ಮ ಕರಾವಳಿಯ ಕ್ರೈಸ್ತರೂ ಸೆರೆಯಿಂದ ಹಿಂದಿರುಗಿದರು. 1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಬಂಧಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅವರ ಸಂಖ್ಯೆ ಎಷ್ಟೆಂಬ ಬಗ್ಗೆ ಇತಿಹಾಸಕಾರರ ಅಂದಾಜುಗಳು ಒಂದಕ್ಕೊಂದು ಹೊಂದುವುದಿಲ್ಲ; ಸಹಸ್ರಾರು ಮಂದಿ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಮೇಲೆ ಬದುಕುಳಿದವರು ಮರಳಿ ಬಂದಾಗ ಅವರ ಬಹುಪಾಲು ದೇವಾಲಯಗಳು ನೆಲಸಮವಾಗಿದ್ದವು. ದೇವಾಲಯದೊಡನೆ ಅಲ್ಲಿದ್ದ ಪುಸ್ತಕಗಳೂ ಹೋಗಿದ್ದವು. ಹೀಗಾಗಿ ಇಂದು ಕರಾವಳಿಯ ಕಥೋಲಿಕ ಕುಟುಂಬವೊಂದು ತನ್ನ ಪೂರ್ವಜರನ್ನು ಅರಸುತ್ತ ಹಿಂದೆ ನಡೆದರೆ, 1800ರ ಆಸುಪಾಸಿಗೆ ಬರುವಷ್ಟರಲ್ಲಿ ದಾರಿ ಮುಚ್ಚಿಹೋಗುತ್ತದೆ.

ಇಂಥ ಅರಸುವಿಕೆ ಈಗ ಹೆಚ್ಚುತ್ತಿದೆ. ಕೊಲ್ಲಿ ದೇಶಗಳಿಂದಲೂ ಕೆನಡಾ, ಆಸ್ಟ್ರೇಲಿಯಾಗಳಿಂದಲೂ ಧರ್ಮಕೇಂದ್ರದ ಕಚೇರಿಗಳಿಗೆ ವಿಚಾರಣೆಗಳು ಬರುತ್ತವೆ: ನಮ್ಮ ಮುತ್ತಜ್ಜನ ಜ್ಞಾನಸ್ನಾನ ಎಲ್ಲಿ ಆಯಿತು? ಅಜ್ಜಿಯ ತವರುಮನೆ ಯಾವುದು? ಮುಂದೆ ಆ ಕಚೇರಿಗಳಲ್ಲಿ ಕುಳಿತುಕೊಳ್ಳಲಿರುವವರು ಈ ಪತ್ರಿಕೆಯನ್ನು ಓದುವ ಗುರುಅಭ್ಯರ್ಥಿಗಳು. ಆದ್ದರಿಂದ ವಂಶಾನ್ವೇಷಣೆಯ ಆಧಾರಗಳಾವುವು, ಅವು ಯಾರನ್ನು ನೆನಪಿಡುತ್ತವೆ, ಯಾರನ್ನು ಮರೆಯುತ್ತವೆ, ಮತ್ತು ಆ ಮರೆವಿನ ಎದುರಿನಲ್ಲಿ ಧರ್ಮಗುರುವಿನ ಕರ್ತವ್ಯವೇನು ಎಂಬುದನ್ನು ಪರಿಶೀಲಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಮೊದಲಿಗೆ ಕ್ರಮದ ಮಾತು. ವಂಶಾನ್ವೇಷಣೆ ಗೊತ್ತಿರುವವರಿಂದ ಗೊತ್ತಿಲ್ಲದವರ ಕಡೆಗೆ, ಒಂದೊಂದೇ ತಲೆಮಾರನ್ನು ಏರುತ್ತ ಸಾಗಬೇಕು. ಹೆಸರಾಂತ ಪೂರ್ವಜನೊಬ್ಬನನ್ನು ಮೊದಲೇ ಆರಿಸಿಕೊಂಡು ಅಲ್ಲಿಂದ ಕೆಳಗಿಳಿಯುವುದು ಇತಿಹಾಸವಲ್ಲ, ಆಸೆ. ಇಬ್ಬರು ಅಥವಾ ಮೂವರು ಸಾಕ್ಷಿಗಳ ಮಾತಿನಿಂದಲೇ ಸಂಗತಿ ಸ್ಥಿರಪಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಇವನು ಅವಳ ಮಗನೆಂದು ಹೇಳುವ ಪ್ರತಿಯೊಂದು ಕೊಂಡಿಗೂ ಒಂದನ್ನೊಂದು ಅವಲಂಬಿಸದ ಎರಡು ದಾಖಲೆಗಳನ್ನು ಕೇಳುವುದು ಒಳ್ಳೆಯ ಅಭ್ಯಾಸ.

ಮರಣಶಾಸನ

ಉಯಿಲಿಗೆ ನಮ್ಮ ಭಾಷೆಯಲ್ಲಿ ಮರಣಶಾಸನವೆಂಬ ಗಂಭೀರವಾದ ಹೆಸರಿದೆ. ಕಲ್ಲಿನ ಮೇಲೆ ಕೆತ್ತಿದ ರಾಜಾಜ್ಞೆಗೂ ಶಾಸನವೆನ್ನುತ್ತೇವೆ, ಸಾಯುವವನ ಕೊನೆಯ ಮಾತಿಗೂ ಶಾಸನವೆನ್ನುತ್ತೇವೆ. ಹೀಬ್ರಿಯರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯವೂ ಇಂಥದೊಂದು ಎರಡರ್ಥದ ಪದದ ಮೇಲೆಯೇ ನಿಂತಿದೆ. ಗ್ರೀಕಿನ 'ದಿಯಾಥೇಕೆ' ಎಂಬುದು ಒಡಂಬಡಿಕೆಯೂ ಹೌದು, ಮರಣಶಾಸನವೂ ಹೌದು. ಬರೆದವನು ಸತ್ತ ಮೇಲಷ್ಟೇ ಅದು ಜಾರಿಗೆ ಬರುವುದೆಂದು ಪತ್ರದ ಕರ್ತೃ ವಾದಿಸುತ್ತಾನೆ.

ವಂಶಾನ್ವೇಷಕನಿಗೆ ಉಯಿಲಿನಷ್ಟು ಮಾತಾಡುವ ದಾಖಲೆ ಇನ್ನೊಂದಿಲ್ಲ. ಮಕ್ಕಳ ಹೆಸರು ಹಿರಿಯರಿಂದ ಕಿರಿಯರ ತನಕ ಬರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಗಂಡನ ಮನೆಯ ಹೆಸರಿನೊಡನೆ ಕಾಣಿಸಿಕೊಳ್ಳುತ್ತಾರೆ. ಅಡಕೆ ತೋಟದ ಗಡಿ, ಕೊಟ್ಟ ಸಾಲ, ಆತ್ಮಶಾಂತಿಗಾಗಿ ಅರ್ಪಿಸಬೇಕಾದ ಬಲಿಪೂಜೆಗಳ ಸಂಖ್ಯೆಯೂ ಇರುತ್ತವೆ. 1908ರ ನೋಂದಣಿ ಕಾಯಿದೆಯಂತೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಉಯಿಲುಗಳಿಗೆಂದೇ 3ನೆಯ ಪುಸ್ತಕವಿರುತ್ತದೆ. ಉಯಿಲು ಬರೆದವನು ಬದುಕಿರುವಾಗ ಅವನ ಹೊರತು ಬೇರೆಯವರಿಗೆ ಅದರ ನಕಲು ಸಿಗುವುದಿಲ್ಲ. ಸತ್ತ ಮೇಲೆ ಕೇಳಿದವರಿಗೆ ಸಿಗುತ್ತದೆ. ಆದರೆ ಉಯಿಲಿನ ನೋಂದಣಿ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಸಾಮಾನ್ಯವಾಗಿ ಕೇಳುವುದು ಬರೆದವನ ಸಹಿಯನ್ನೂ ಇಬ್ಬರು ಸಾಕ್ಷಿಗಳ ಸಹಿಯನ್ನೂ ಮಾತ್ರ. ಆದ್ದರಿಂದ ಎಷ್ಟೋ ಉಯಿಲುಗಳು ಮನೆಯ ಪೆಟ್ಟಿಗೆಯಲ್ಲೇ ಉಳಿದು ಗೆದ್ದಲಿಗೆ ಆಹಾರವಾಗಿವೆ.

ಅದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಆಸ್ತಿಯಿಲ್ಲದವನಿಗೆ ಉಯಿಲಿಲ್ಲ. ಗೇಣಿಗೆ ದುಡಿದವನು, ಮೂಲದಾಳಾಗಿ ಬದುಕಿದವನು, ಮೀನು ಹೊತ್ತು ಮಾರಿದವಳು ಬಿಟ್ಟುಹೋಗಲು ಏನೂ ಇಲ್ಲದವರು. ಒಡೆಯನ ಉಯಿಲಿನಲ್ಲಿ ಅವರು ಕಾಣಿಸಿಕೊಂಡರೂ ತೋಟದ ಜೊತೆಗಿನ ಒಕ್ಕಲುಗಳಾಗಿ, ಹೆಸರಿಲ್ಲದೆ ಕಾಣಿಸಿಕೊಳ್ಳುತ್ತಾರೆ.

ಖಾನೇಷುಮಾರಿ

ಹಳೆಯ ಮೈಸೂರಿನ ಕಾಗದಪತ್ರಗಳಲ್ಲಿ ಖಾನೇಷುಮಾರಿ ಎಂದು ಕರೆಯಲಾಗುತ್ತಿದ್ದ ಜನಗಣತಿ ಈ ಕೊರತೆಯನ್ನು ತುಂಬಬಹುದೆಂದು ತೋರುತ್ತದೆ. ಅದು ಬಡವನ ಗುಡಿಸಲಿಗೂ ಬರುತ್ತದೆ. ನಮ್ಮ ದೇಶದಲ್ಲಿ ಬೇರೆ ಬೇರೆ ಪ್ರಾಂತಗಳ ಎಣಿಕೆ 1871-72ರ ಸುಮಾರಿಗೆ ನಡೆಯಿತು. ದೇಶದಾದ್ಯಂತ ಏಕಕಾಲದ ಮೊದಲ ಗಣತಿ 1881ರ ಫೆಬ್ರವರಿ 17ರಂದು ಜರುಗಿತು. ಇಂಗ್ಲೆಂಡಿನಲ್ಲಿ ಮನೆಮನೆಯ ಗಣತಿ ಪತ್ರಗಳನ್ನು ನೂರು ವರ್ಷ ಕಳೆದ ಮೇಲೆ ಸಾರ್ವಜನಿಕರಿಗೆ ತೆರೆಯುತ್ತಾರೆ. 1921ರ ಪತ್ರಗಳು 2022ರಲ್ಲಿ ತೆರೆದವು. ಅಲ್ಲಿನ ಕಾರ್ಮಿಕನ ಮೊಮ್ಮಗಳು ತನ್ನ ಅಜ್ಜ ಯಾವ ಬೀದಿಯ ಯಾವ ಮನೆಯಲ್ಲಿ ಯಾರೊಡನೆ ವಾಸಿಸಿದ್ದನೆಂದು ಓದಬಲ್ಲಳು.

ನಮ್ಮಲ್ಲಿ ಆ ಬಾಗಿಲು ಇಲ್ಲ. 1948ರ ಜನಗಣತಿ ಕಾಯಿದೆಯ 15ನೆಯ ಪ್ರಕರಣದಂತೆ ಗಣತಿಯ ಮೂಲಪತ್ರಗಳು ಯಾರ ಪರಿಶೀಲನೆಗೂ ದೊರೆಯುವುದಿಲ್ಲ. ನಮಗೆ ಸಿಗುವುದು ಅಚ್ಚಾದ ವರದಿಗಳ ಕೋಷ್ಟಕಗಳು: ಇಂಥ ತಾಲ್ಲೂಕಿನಲ್ಲಿ ಇಷ್ಟು ಕ್ರೈಸ್ತರು, ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಅಕ್ಷರಸ್ಥರು. ಎಣಿಕೆಯಲ್ಲಿ ಎಲ್ಲರೂ ಸೇರಿದ್ದಾರೆ. ಹೆಸರಿನಿಂದ ಒಬ್ಬರೂ ಸಿಗುವುದಿಲ್ಲ. ದಾವೀದನು ಜನರನ್ನು ಎಣಿಸಿದ್ದು ಪಾಪವೆಂದು ಸಮುವೇಲನ ಎರಡನೆಯ ಗ್ರಂಥ ಏಕೆ ಹೇಳುತ್ತದೆಂಬುದಕ್ಕೆ ವ್ಯಾಖ್ಯಾನಕಾರರು ಹಲವು ಕಾರಣ ಕೊಡುತ್ತಾರೆ. ಅರಸನಿಗೆ ಬೇಕಾಗಿದ್ದುದು ಕತ್ತಿ ಹಿಡಿಯಬಲ್ಲವರ ಮೊತ್ತವೇ ಹೊರತು ಅವರ ಹೆಸರಲ್ಲವೆಂಬುದೂ ಅವುಗಳ ಜೊತೆಗೆ ನೆನೆಯತಕ್ಕ ಮಾತು.

ಸಮಾಧಿಶಿಲೆ

ಕಲ್ಲಿನಲ್ಲಿ ಸತ್ತವರನ್ನು ಓದುವುದು ಕನ್ನಡ ನೆಲಕ್ಕೆ ಹೊಸದಲ್ಲ. ವೀರಗಲ್ಲು, ಮಾಸ್ತಿಕಲ್ಲುಗಳು ನಮ್ಮ ಊರಗಡಿಗಳಲ್ಲಿವೆ. ಸಲ್ಲೇಖನದಿಂದ ದೇಹ ಬಿಟ್ಟ ಜೈನ ಮುನಿಗಳ ನಿಷಿಧಿಗಳು ಶ್ರವಣಬೆಳಗೊಳದಲ್ಲಿವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ ಹತ್ತನೆಯ ಶತಮಾನದ ಶಾಸನವಂತೂ ಕಾಳಿ ಎಂಬ ಬೇಟೆನಾಯಿಯ ನೆನಪನ್ನು ಉಳಿಸಿದೆ. ಹಂದಿಯೊಡನೆ ಕಾದಾಡಿ ಅದು ಸತ್ತಾಗ ಅದರೊಡೆಯ ಮಣಲೇರನು ಕಲ್ಲು ನಿಲ್ಲಿಸಿದನು.

ಕ್ರೈಸ್ತ ಸಮಾಧಿಶಿಲೆ ವಂಶಾನ್ವೇಷಕನಿಗೆ ಹೆಸರು, ಹುಟ್ಟು ಸಾವುಗಳ ದಿನಾಂಕ, ಕೆಲವೊಮ್ಮೆ ಹುಟ್ಟೂರು, ಹೆಂಡತಿಯ ಹೆಸರು ಇವನ್ನು ಕೊಡುತ್ತದೆ. ಓದುವಾಗ ಎಚ್ಚರ ಬೇಕು. ಕಲ್ಲನ್ನು ಸತ್ತವನು ನಿಲ್ಲಿಸುವುದಿಲ್ಲ, ಉಳಿದವರು ನಿಲ್ಲಿಸುತ್ತಾರೆ; ಎಷ್ಟೋ ಸಲ ವರ್ಷಗಳು ಕಳೆದ ಮೇಲೆ ನೆನಪಿನಿಂದ ನಿಲ್ಲಿಸುತ್ತಾರೆ. ವಯಸ್ಸು ತಪ್ಪಿರಬಹುದು, ಬಿರುದು ಹೆಚ್ಚಾಗಿರಬಹುದು. ಮಳೆ ಬಿದ್ದು ಮಾಸಿದ ಅಕ್ಷರವನ್ನು ಸುಣ್ಣ ಬಳಿದು ಅಥವಾ ತಂತಿಯ ಬ್ರಷ್ಷಿನಿಂದ ಉಜ್ಜಿ ಓದಲು ಹೋಗಬಾರದು. ಸಂಜೆಯ ಓರೆ ಬೆಳಕಿನಲ್ಲಿ ನೋಡಿದರೆ ಅದು ತಾನಾಗಿ ಎದ್ದು ಕಾಣುತ್ತದೆ.

ಶ್ರೀರಂಗಪಟ್ಟಣಕ್ಕೆ ಹೋದವರು ಅಲ್ಲಿ ಕರ್ನಲ್ ವಿಲಿಯಂ ಬೇಯ್ಲಿಯ ಸ್ಮಾರಕವನ್ನು ನೋಡಿರಬಹುದು. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕಿ, 1782ರಲ್ಲಿ ಸೆರೆಯಲ್ಲೇ ಸತ್ತ ಆ ಅಧಿಕಾರಿಗೆ ಅವನ ಅಣ್ಣತಮ್ಮಂದಿರ ಮಗನೊಬ್ಬ 1816ರಲ್ಲಿ ಅದನ್ನು ಕಟ್ಟಿಸಿದನು. ಕೋಟೆಯ ಪತನಾನಂತರ ಅಲ್ಲಿ ತಂಗಿದ್ದ ಸೈನ್ಯದ ಅಧಿಕಾರಿಗಳಿಗೂ ಅವರ ಮಡದಿ ಮಕ್ಕಳಿಗೂ ಅದೇ ಊರಿನಲ್ಲಿ ಪ್ರತ್ಯೇಕ ಸಮಾಧಿಭೂಮಿಯಿದೆ. ಬೇಯ್ಲಿ ಸತ್ತ ಎರಡು ವರ್ಷಕ್ಕೆ ಅದೇ ಊರಿಗೆ ನಡೆದುಬಂದ ಕೆನರಾದ ಸೆರೆಯಾಳುಗಳು ಮಾತ್ರ ಹೆಸರು ಕೊರೆದ ಕಲ್ಲಿಲ್ಲದೆ ಮಣ್ಣು ಸೇರಿದರು. ಕಲ್ಲು ನಿಲ್ಲಿಸಬೇಕಾದ ಅಣ್ಣತಮ್ಮಂದಿರ ಮಕ್ಕಳೂ ಜೊತೆಯಲ್ಲೇ ಸೆರೆಯಲ್ಲಿದ್ದರು.

ದೂರದ ಇತಿಹಾಸವನ್ನಷ್ಟೇ ದೂಷಿಸಿ ಪ್ರಯೋಜನವಿಲ್ಲ. ನಮ್ಮ ಧರ್ಮಕೇಂದ್ರಗಳ ಸಮಾಧಿಭೂಮಿಗಳಲ್ಲಿ ಹಣ ತೆತ್ತು ಶಾಶ್ವತ ಸ್ಥಳ ಪಡೆದ ಕುಟುಂಬಗಳ ಕಲ್ಲುಗಳು ಉಳಿಯುತ್ತವೆ. ಉಳಿದವರ ಗುಂಡಿಯನ್ನು ಕೆಲವು ವರ್ಷಗಳ ಬಳಿಕ ಅಗೆದು ಇನ್ನೊಬ್ಬರಿಗೆ ಕೊಡುತ್ತೇವೆ. ಸ್ಥಳದ ಅಭಾವದಿಂದ ಇದು ಅನಿವಾರ್ಯವಿರಬಹುದು. ಆದರೆ ಇದರ ಪರಿಣಾಮವನ್ನು ನಾವು ತಿಳಿದಿರಬೇಕು: ಎರಡು ತಲೆಮಾರಿನ ನಂತರ ಆ ಭೂಮಿಯನ್ನು ಓದುವವನಿಗೆ ಊರಿನಲ್ಲಿ ಶ್ರೀಮಂತರು ಮಾತ್ರ ಸತ್ತಿದ್ದರೆಂದು ತೋರುತ್ತದೆ.

ಧರ್ಮಕೇಂದ್ರದ ಪುಸ್ತಕ

ಉಯಿಲು, ಗಣತಿ, ಶಿಲೆ ಈ ಮೂರೂ ಕೈಬಿಟ್ಟವರನ್ನು ಹೆಸರಿನೊಡನೆ ಹಿಡಿದಿಡಬಲ್ಲ ದಾಖಲೆಯೊಂದು ಧರ್ಮಸಭೆಯ ಬಳಿಯಿದೆ. ತ್ರೆಂತ್ ಮಹಾಸಭೆಯು 1563ರ ನವೆಂಬರ್ 11ರ ತನ್ನ 24ನೆಯ ಅಧಿವೇಶನದಲ್ಲಿ, 'ತಮೆತ್ಸಿ' ಎಂಬ ಹೆಸರಿನಿಂದ ಪ್ರಸಿದ್ಧವಾದ ಆಜ್ಞೆಯ ಮೂಲಕ, ವಧೂವರರ ಮತ್ತು ಸಾಕ್ಷಿಗಳ ಹೆಸರು, ದಿನ, ಸ್ಥಳಗಳನ್ನು ಪುಸ್ತಕದಲ್ಲಿ ಬರೆದಿಡುವಂತೆ ಧರ್ಮಕೇಂದ್ರದ ಗುರುಗಳಿಗೆ ವಿಧಿಸಿತು. ಜ್ಞಾನಪಿತ, ಜ್ಞಾನಮಾತೆಯರ ಹೆಸರನ್ನೂ ಬರೆಯಬೇಕೆಂದಿತು. 1614ರ ರೋಮನ್ ವಿಧಿಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಇವುಗಳ ಪುಸ್ತಕಗಳೊಡನೆ 'ಸ್ತಾತುಸ್ ಅನಿಮಾರುಮ್' ಎಂಬ ಐದನೆಯದೊಂದನ್ನು ಸೇರಿಸಿತು. ಅದು ಮನೆಮನೆಯ ಆತ್ಮಗಳ ಸ್ಥಿತಿಯನ್ನು ಬರೆಯುವ ಪುಸ್ತಕ. ಹೆಸರುಗಳನ್ನು ಬಿಟ್ಟುಕೊಡದ ಖಾನೇಷುಮಾರಿ ಎನ್ನಬಹುದು.

ಈ ಆಜ್ಞೆಗಳ ಹಿಂದಿನ ಉದ್ದೇಶ ವಂಶಾನ್ವೇಷಣೆಯಲ್ಲ. ಗುಟ್ಟಾಗಿ ನಡೆಯುವ ವಿವಾಹಗಳಿಂದ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ಅನ್ಯಾಯವನ್ನು ತಡೆಯುವುದು, ನಿಷಿದ್ಧ ಸಂಬಂಧಗಳನ್ನು ಗುರುತಿಸುವುದು ಉದ್ದೇಶವಾಗಿತ್ತು. ಆದರೂ ಪರಿಣಾಮ ದೊಡ್ಡದು. ಸಂಸ್ಕಾರ ಪಡೆದವರು ಒಡೆಯರಾಗಲಿ ಆಳಾಗಲಿ, ಒಂದೇ ಪುಸ್ತಕದಲ್ಲಿ ಒಂದರ ಕೆಳಗೊಂದು ಸಾಲಿನಲ್ಲಿ ಬರಬೇಕಾಯಿತು. ಭಾರತದಲ್ಲಿ 1872ರ ಕ್ರೈಸ್ತ ವಿವಾಹ ಕಾಯಿದೆಯು ಕಥೋಲಿಕ ಗುರುಗಳು ನಡೆಸಿದ ವಿವಾಹಗಳ ವಿವರವನ್ನು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಕಳುಹಿಸಲು ಹೇಳಿದ್ದರಿಂದ, ಮೂಲ ಪುಸ್ತಕ ನಾಶವಾದೆಡೆ ಇನ್ನೊಂದು ಪ್ರತಿಯನ್ನು ಹುಡುಕುವ ದಾರಿಯೂ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಹೋದರ ಸಭೆಗಳೂ ದಾಖಲೆ ಬರೆಯುವುದರಲ್ಲಿ ಶ್ರದ್ಧೆ ತೋರಿದವು. ಅವರ ಕಾಗದಪತ್ರಗಳು ಬಾಸೆಲ್ ನಗರದಲ್ಲೂ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲೂ ರಕ್ಷಿತವಾಗಿವೆ.

ಕುಲನಾಮ ಮತ್ತು ಕುಲಗರ್ವ

ಹಳೆಯ ಪುಸ್ತಕಗಳನ್ನು ಓದುವವರು ಕುಲನಾಮದ ವಿಷಯದಲ್ಲಿ ಮೋಸಹೋಗುವುದುಂಟು. ಗೋವೆಯಲ್ಲಿ ಪೋರ್ಚುಗೀಸರ ಕಾಲದಲ್ಲಿ ಜ್ಞಾನಸ್ನಾನ ಪಡೆದವರಿಗೆ ಜ್ಞಾನಪಿತನ ಅಥವಾ ಗುರುವಿನ ಕುಲನಾಮ ಸಿಗುವುದು ವಾಡಿಕೆಯಾಗಿತ್ತು. ಒಂದೇ ಮನೆಯವರಿಗೆ ಬೇರೆ ಬೇರೆ ಕುಲನಾಮ ಬಂದಿರಬಹುದು. ಸಂಬಂಧವೇ ಇಲ್ಲದ ಮನೆಗಳಿಗೆ ಒಂದೇ ಕುಲನಾಮ ಬಂದಿರಬಹುದು. ಡಿಸೋಜ ಎಂಬ ಹೆಸರು ಇಬ್ಬರಲ್ಲಿದ್ದ ಮಾತ್ರಕ್ಕೆ ರಕ್ತಸಂಬಂಧವಿಲ್ಲ. ಎಜ್ರನ ಗ್ರಂಥದ ಆ ಪ್ರಸಂಗದಲ್ಲಿ ಪತ್ರ ಸಿಗದೆ ಹೊರಗುಳಿದವರಲ್ಲಿಯೂ ಬರ್ಜಿಲ್ಲೈಯ ಮನೆತನವಿತ್ತು. ಅವರ ಹಿರಿಯನು ಹೆಂಡತಿಯ ಮನೆಯ ಹೆಸರನ್ನು ಇಟ್ಟುಕೊಂಡಿದ್ದನು.

ಇಲ್ಲಿಯೇ ಇನ್ನೊಂದು ಅಪಾಯವನ್ನೂ ಹೇಳಬೇಕಾಗಿದೆ. ನಮ್ಮ ಬಳಿಗೆ ಪೂರ್ವಜರನ್ನು ಕೇಳಿಕೊಂಡು ಬರುವವರಲ್ಲಿ ಕೆಲವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ತಾವು ಮೇಲ್ಜಾತಿಯಿಂದ ಬಂದವರೆಂಬುದಕ್ಕೆ ಅವರಿಗೊಂದು ಕಾಗದ ಬೇಕು. ಜ್ಞಾನಸ್ನಾನದ ಪುಸ್ತಕವನ್ನು, ಜ್ಞಾನಸ್ನಾನ ಯಾವುದನ್ನು ತೊಳೆಯಬೇಕಿತ್ತೋ ಅದನ್ನೇ ಸಾಬೀತುಪಡಿಸಲು ಬಳಸಿಕೊಳ್ಳುವ ದುಃಖಕರ ಸಂಗತಿ ಇದು. ಮುಗಿಯದ ವಂಶಾವಳಿಗಳ ಗೋಜಿಗೆ ಹೋಗಬಾರದೆಂದು ತಿಮೊಥೇಯನಿಗೂ ತೀತನಿಗೂ ಬರೆದ ಪತ್ರಗಳು ಎಚ್ಚರಿಸಿದ್ದು ಇಂಥ ಹುಡುಕಾಟಕ್ಕೂ ಅನ್ವಯಿಸುತ್ತದೆ. ಅಬ್ರಹಾಮನು ತಮ್ಮ ತಂದೆಯೆಂದು ಬೀಗಿದವರಿಗೆ ಸ್ನಾನಿಕ ಯೊವಾನ್ನನು ಕೊಟ್ಟ ಉತ್ತರ ನಮಗೆಲ್ಲ ಗೊತ್ತಿದೆ: ದೇವರು ಬಯಸಿದರೆ ಕಲ್ಲುಗಳೂ ಅಬ್ರಹಾಮನ ಮಕ್ಕಳಾದಾವು.

ಮತ್ತಾಯನೂ ವಂಶಾವಳಿಯಿಂದಲೇ ತನ್ನ ಶುಭಸಂದೇಶವನ್ನು ಆರಂಭಿಸುತ್ತಾನೆ. ಆದರೆ ಅವನು ಅನನುಕೂಲವಾದುದನ್ನು ಅಳಿಸಲಿಲ್ಲ. ತಾಮಾರಳು, ರಾಹಾಬಳು, ಪರದೇಶಿಯಾದ ರೂತಳು, ಊರಿಯನ ಹೆಂಡತಿ ಎಲ್ಲರೂ ಅಲ್ಲಿದ್ದಾರೆ. ಊರಿಯನ ಹೆಂಡತಿಯೆಂಬ ಆ ಒಂದು ಮಾತಿನಿಂದ ದಾವೀದನು ಕೊಲ್ಲಿಸಿದವನ ಹೆಸರೂ ಮೆಸ್ಸೀಯನ ವಂಶಾವಳಿಯಲ್ಲಿ ಉಳಿದುಕೊಂಡಿತು. ಪೂರ್ವಜರನ್ನು ಪ್ರಾಮಾಣಿಕವಾಗಿ ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ನಮಗೆ ತಿಳಿದಿಲ್ಲ.

ನಮ್ಮ ಒಂದು ಸಾಲು

ಈ ಪ್ರಬಂಧವನ್ನು ಬರೆಯಲು ನಮ್ಮನ್ನು ಪ್ರೇರಿಸಿದ್ದು ನಮ್ಮದೇ ಕೈಬರಹದ ಒಂದು ಸಾಲು. ಸುಮಾರು ಹದಿನೈದು ವರ್ಷಗಳ ಹಿಂದೆ ನಾವು ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆವು. ಆಷಾಢದ ಒಂದು ಮಧ್ಯಾಹ್ನ, ಅಡಕೆ ತೋಟದ ಕೆಲಸಕ್ಕೆ ಬಡಗಣ ಜಿಲ್ಲೆಯಿಂದ ಬಂದಿದ್ದ ಹೆಂಗಸೊಬ್ಬರ ಅಂತ್ಯಕ್ರಿಯೆ ನಡೆಸಿದೆವು. ಜೊತೆಗೆ ಕೆಲಸ ಮಾಡುತ್ತಿದ್ದ ಹತ್ತು ಹನ್ನೆರಡು ಮಂದಿ ಮಳೆಯಲ್ಲಿ ನಿಂತಿದ್ದರು. ಸಂಜೆ ಮರಣದ ಪುಸ್ತಕದಲ್ಲಿ ಅವರ ಹೆಸರನ್ನೂ 'ಸುಮಾರು 50 ವರ್ಷ, ಕೂಲಿ' ಎಂಬುದನ್ನೂ ಬರೆದು ಸಹಿ ಹಾಕಿದೆವು. ತಂದೆ ತಾಯಿಯರ ಅಂಕಣ, ಹುಟ್ಟೂರಿನ ಅಂಕಣ ಎರಡೂ ಖಾಲಿ ಉಳಿದವು.

ಕಳೆದ ವರ್ಷ ಅವರ ಮಗ ಹುಡುಕಿಕೊಂಡು ಬಂದನು. ಚಿಕ್ಕಂದಿನಲ್ಲೇ ಅವನನ್ನು ಬೇರೆಯವರ ಮನೆಯಲ್ಲಿ ಬಿಟ್ಟು ತಾಯಿ ಕೆಲಸಕ್ಕೆ ಬಂದಿದ್ದರು. ಸಾಕಿದವರು ಈಗಿಲ್ಲ. ಅಲ್ಲಿನ ಗುರುಗಳು ನಮಗೆ ಕರೆ ಮಾಡಿದಾಗ, ಸಹಿ ನಮ್ಮದೆಂಬ ಕಾರಣಕ್ಕೆ ಹೋದೆವು. ಸಮಾಧಿಯ ಸ್ಥಳದಲ್ಲಿ ಬೇರೊಬ್ಬರನ್ನು ಹೂಳಲಾಗಿತ್ತು. ಪುಸ್ತಕ ತೆರೆದು ಸಾಲು ತೋರಿಸಿದೆವು. ಅವನು ಅದರ ಮೇಲೆ ಬೆರಳಿಟ್ಟು, "ಅವ್ವನ ತವರೂರು ಬರದಿಲ್ಲೇನ್ರಿ ಫಾದರ್?" ಎಂದು ಕೇಳಿದನು. ಅವನಿಗೆ ಬೇಕಾಗಿದ್ದುದು ಅದೊಂದೇ. ಅಂದು ಮಳೆಯಲ್ಲಿ ನಿಂತಿದ್ದ ಹತ್ತು ಹನ್ನೆರಡು ಮಂದಿಯಲ್ಲಿ ಒಬ್ಬರಿಗಾದರೂ ಅದು ಗೊತ್ತಿದ್ದಿರಬೇಕು. ನಾವು ಕೇಳಿರಲಿಲ್ಲ. ಅವನೆದುರು ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಅವನು ಏನೂ ಅನ್ನಲಿಲ್ಲ. ಆ ಸಾಲನ್ನು ಒಂದು ಚೀಟಿಯಲ್ಲಿ ಬರೆಯಿಸಿಕೊಂಡು ಮೊಹರು ಹಾಕಿಸಿಕೊಂಡು ಹೋದನು.

ಶ್ರೀರಂಗಪಟ್ಟಣದಲ್ಲಿ ಸತ್ತವರ ಹೆಸರು ಉಳಿಯದಿದ್ದುದಕ್ಕೆ ಯುದ್ಧವೂ ಸೆರೆಯೂ ಕಾರಣವೆನ್ನಬಹುದು. ಈ ತಾಯಿಯ ಊರು ಅಳಿದುಹೋದುದಕ್ಕೆ ಕಾರಣ ನಮ್ಮ ಒಂದು ಸಂಜೆಯ ಆತುರ ಮಾತ್ರ.

ಗುರುಅಭ್ಯರ್ಥಿಗಳಿಗೆ

1983ರ ಕಾನೂನು ಸಂಹಿತೆಯ 535ನೆಯ ಕಾನೂನು ಧರ್ಮಕೇಂದ್ರದ ಪುಸ್ತಕಗಳನ್ನು ಸರಿಯಾಗಿ ಬರೆದು, ಹಳೆಯವನ್ನು ಜೋಪಾನವಾಗಿ ಕಾಪಾಡಬೇಕೆಂದು ಹೇಳುತ್ತದೆ. 877ನೆಯದು ಜ್ಞಾನಸ್ನಾನದ ದಾಖಲೆಯಲ್ಲಿ ಏನೇನಿರಬೇಕೆಂದು ತಿಳಿಸುತ್ತದೆ. ಮದುವೆಯಾಗದ ತಾಯಿಯ ಹೆಸರನ್ನು ಯಾವಾಗ ಬರೆಯಬೇಕೆಂಬುದನ್ನೂ ವಿವರಿಸುತ್ತದೆ. 1182ನೆಯದು ಸಮಾಧಿಯ ಬಳಿಕ ಮರಣದ ಪುಸ್ತಕದಲ್ಲಿ ಬರೆಯುವುದನ್ನು ವಿಧಿಸುತ್ತದೆ. ಪರೀಕ್ಷೆಗಾಗಿ ಇವನ್ನು ಕಂಠಪಾಠ ಮಾಡುವಾಗ ಕಚೇರಿಯ ಕೆಲಸವೆಂದು ಎಣಿಸಬೇಡಿ. ಸತ್ತವರನ್ನು ಹೂಳುವುದು ಕರುಣೆಯ ಕಾರ್ಯಗಳಲ್ಲೊಂದೆಂದು ಬೋಧಿಸುತ್ತೇವೆ. ಹೆಸರನ್ನು ಪೂರ್ತಿಯಾಗಿ ಬರೆಯುವಾಗಲಷ್ಟೇ ಆ ಕಾರ್ಯ ಮುಗಿಯುತ್ತದೆ.

ಆದ್ದರಿಂದ ಕೆಲವು ಮಾತುಗಳು. ಬೇರೆ ಊರಿನಿಂದ ದುಡಿಯಲು ಬಂದವರನ್ನು ಹೂಳುವಾಗ ಜೊತೆಯವರನ್ನು ಕೂರಿಸಿ ಊರು, ತಾಲ್ಲೂಕು, ತಂದೆ ತಾಯಿ ಯಾರೆಂದು ಕೇಳಿ ಬರೆಯಿರಿ. ಹೇಳಿದವರ ಹೆಸರನ್ನೂ ಬರೆಯಿರಿ. ಹೆಂಗಸಿನ ತವರನ್ನು ಬಿಡಬೇಡಿ. ಸಮಾಧಿಯ ಸ್ಥಳಕ್ಕೆ ಸಂಖ್ಯೆ ಕೊಟ್ಟು ನಕ್ಷೆ ಇಡಿ. ಗುಂಡಿಯನ್ನು ಮತ್ತೆ ಬಳಸುವ ಮುನ್ನ ಹಿಂದಿನವರ ಹೆಸರು ಪುಸ್ತಕದಲ್ಲಿದೆಯೇ ಎಂದು ನೋಡಿ. ಹಳೆಯ ಪುಸ್ತಕಗಳನ್ನು ತೇವದ ಗೋಡೆಯಿಂದ ದೂರವಿಡಿ, ಪ್ರತಿ ತೆಗೆಯಿಸಿ. ಅನ್ವೇಷಕರಿಗೆ ನೆರವಾಗಿ, ಆದರೆ ಬದುಕಿರುವವರ ಗುಟ್ಟುಗಳಿರುವ ಪುಟಗಳನ್ನು ಯಾರ ಕೈಗೂ ಕೊಡಬೇಡಿ. ಜಾತಿಯ ಪತ್ರ ಕೇಳಿ ಬಂದವರಿಗೆ ಮತ್ತಾಯನ ಮೊದಲ ಅಧ್ಯಾಯವನ್ನು ಓದಲು ಹೇಳಿ.

ಇನ್ನು ನವೆಂಬರ್ 2ರಂದು ಸಮಾಧಿಭೂಮಿಯನ್ನು ಆಶೀರ್ವದಿಸುವಾಗ ಹೂವು, ಮೇಣದಬತ್ತಿಗಳಿಂದ ತುಂಬಿದ ಕಲ್ಲುಗಳ ನಡುವೆ ನಾವು ನಡೆದುಹೋಗುತ್ತೇವೆ. ಅಂದು ಮರಣದ ಪುಸ್ತಕವನ್ನೂ ಜೊತೆಯಲ್ಲಿ ಒಯ್ಯಬಹುದು. ಕಲ್ಲಿಲ್ಲದವರ ಹೆಸರುಗಳನ್ನು, ಒಂದೊಂದು ವರ್ಷ ಕೆಲವು ಪುಟಗಳಂತೆ, ಗಟ್ಟಿಯಾಗಿ ಓದಬಹುದು. ಕೇಳುವ ಜನರಲ್ಲಿ ಯಾರಾದರೊಬ್ಬರು ತಮ್ಮವರ ಹೆಸರನ್ನು ಗುರುತಿಸಿ ತಲೆಯೆತ್ತಿಯಾರು. ಕಳೆದ ನವೆಂಬರಿನಲ್ಲಿ ನಾವು ಅದನ್ನು ಆರಂಭಿಸಿದ್ದೇವೆ. ಮೊದಲು ಓದಿದ ಹೆಸರು ಆ ತಾಯಿಯದು.